ಸಲೈನ್ ಏರಿಸಿದ ಮಕ್ಕಳೇ ಹೆಚ್ಚು ಸತ್ತರು: ಉಗಾಂಡಾ, ಕೀನ್ಯಾ, ಟಾಂಜಾನಿಯಾದ ಫೀಸ್ಟ್ ಅಧ್ಯಯನದ ಕುರಿತು ಚರ್ಚೆ

ತುಂಗಭದ್ರೆ (ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯೆ)

ಬಡ ದೇಶಗಳಲ್ಲಿ ನಡೆಯುವ ವೈದ್ಯಕೀಯ ಸಂಶೋಧನೆ ಎಂದರೆ ಶ್ರೀಮಂತ ದೇಶದ ಕಂಪನಿಗಳು ತಮ್ಮ ಔಷಧವನ್ನು ಅಗ್ಗದಲ್ಲಿ ಪರೀಕ್ಷಿಸಿಕೊಳ್ಳುವ ವ್ಯವಹಾರ ಎಂಬ ಮಾತು ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಥದ್ದು ಎಲ್ಲೂ ನಡೆದಿಲ್ಲ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಹೊಸ ಔಷಧವೇ ಇಲ್ಲದ, ಎಲ್ಲ ಆಸ್ಪತ್ರೆಗಳಲ್ಲೂ ದಿನವೂ ಬಳಸುವ ಸಲೈನ್ ಬಾಟಲಿಯನ್ನೇ ಪ್ರಶ್ನಿಸಿದ ಒಂದು ಅಧ್ಯಯನವನ್ನು ಮುಂದಿಟ್ಟು ಚರ್ಚೆ ಮಾಡೋಣ ಎಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ಅಧ್ಯಯನದ ಹೆಸರು ಫೀಸ್ಟ್. 2009ರ ಜನವರಿಯಿಂದ 2011ರ ಜನವರಿಯವರೆಗೆ ಆರು ಆಸ್ಪತ್ರೆಗಳಲ್ಲಿ ನಡೆಯಿತು: ಉಗಾಂಡಾದ ಮುಲಾಗೊ, ಸೊರೋಟಿ, ಎಂಬಾಲೆ ಮತ್ತು ಲಾಕೋರ್, ಕೀನ್ಯಾದ ಕಿಲಿಫಿ, ಟಾಂಜಾನಿಯಾದ ತೆಯುಲೆ. ಆಗ ಈ ಮೂರೂ ದೇಶಗಳು ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಕಡಿಮೆ ಆದಾಯದ ದೇಶಗಳೇ. ಕಿಲಿಫಿಯಲ್ಲಿ ದೀರ್ಘಕಾಲ ಕೆಲಸ ಮಾಡಿದ ಕ್ಯಾಥರಿನ್ ಮೇಟ್‌ಲಂಡ್ ಮುಂದಾಳು, ಮಕೆರೆರೆ ವಿಶ್ವವಿದ್ಯಾಲಯದ ಸಾರಾ ಕಿಗುಲಿ ಉಗಾಂಡಾದ ಕಡೆಯಿಂದ ಪ್ರಮುಖರು. ಹಣ ಬಂದದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ.

ತೀವ್ರ ಜ್ವರವಿದ್ದು, ಪ್ರಜ್ಞೆ ಮಂಕಾಗಿರುವ ಅಥವಾ ಉಸಿರಾಟ ಕಷ್ಟವಾಗಿರುವ, ಜೊತೆಗೆ ಕೈಕಾಲಿಗೆ ರಕ್ತ ಸರಿಯಾಗಿ ತಲುಪುತ್ತಿಲ್ಲ ಎಂಬ ಲಕ್ಷಣವಿರುವ ಮಕ್ಕಳನ್ನು ಚೀಟಿ ಎತ್ತುವ ರೀತಿಯಲ್ಲಿ ಮೂರು ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿಗೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ದ್ರಾವಣವನ್ನು ಬೇಗ ಬೇಗ ಏರಿಸಿದರು, ಇನ್ನೊಂದಕ್ಕೆ ಸಲೈನನ್ನು ಹಾಗೆಯೇ ಏರಿಸಿದರು, ಮೂರನೆಯದಕ್ಕೆ ಹೀಗೆ ಒಮ್ಮೆಲೇ ಏರಿಸುವ ಬೋಲಸ್ ಕೊಡದೆ ನಿಧಾನದ ಡ್ರಿಪ್ ಮಾತ್ರ ಇಟ್ಟರು. 48 ಗಂಟೆಗಳೊಳಗೆ ಆಲ್ಬುಮಿನ್ ಗುಂಪಿನ 1,050 ಮಕ್ಕಳಲ್ಲಿ 111, ಸಲೈನ್ ಗುಂಪಿನ 1,047ರಲ್ಲಿ 110, ಬೋಲಸ್ ಇಲ್ಲದ 1,044ರಲ್ಲಿ 76 ಮಕ್ಕಳು ತೀರಿಕೊಂಡರು. ಶೇಕಡಾ ಲೆಕ್ಕದಲ್ಲಿ ಕ್ರಮವಾಗಿ 10.6, 10.5 ಮತ್ತು 7.3. ಅಂದರೆ ಪ್ರಪಂಚದ ಪಠ್ಯಪುಸ್ತಕಗಳೆಲ್ಲ ಜೀವ ಉಳಿಸುವ ಕ್ರಮವೆಂದು ಕಲಿಸುತ್ತಿದ್ದ ಚಿಕಿತ್ಸೆಯನ್ನು ಪಡೆದ ಸುಮಾರು 30 ಮಕ್ಕಳಿಗೆ ಒಂದರಂತೆ ಹೆಚ್ಚುವರಿ ಸಾವು ಸಂಭವಿಸಿತು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಐಸಿಯು ಇರುವ ನಗರದ ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಐಸಿಯು ಇಲ್ಲದ ಕಡೆ ಕೇಳಲೇಬೇಕಾಯಿತು, ಕೇಳಿದ್ದರಿಂದ ಎಲ್ಲರಿಗೂ ಉತ್ತರ ಸಿಕ್ಕಿತು. ನಿಮ್ಮ ಆಕ್ಷೇಪಗಳಿದ್ದರೆ ದಯವಿಟ್ಟು ಬರೆಯಿರಿ.

ಬಯಲುಸೀಮೆಯ ಓದುಗ

ಡಾಕ್ಟರಮ್ಮನವರೇ, ನಾನು ವೈದ್ಯಕೀಯ ಕ್ಷೇತ್ರದವನಲ್ಲ, ಆದ್ದರಿಂದ ಸಾಮಾನ್ಯ ತಂದೆಯೊಬ್ಬ ಕೇಳುವ ಹಾಗೆ ಕೇಳುತ್ತೇನೆ. ಮಗು ಸುಸ್ತಾಗಿ ಕಣ್ಣು ತೇಲಿಸುತ್ತಿರುವಾಗ ‘ಗ್ಲೂಕೋಸ್ ಬಾಟಲಿ ಹಾಕಿ’ ಎಂದು ನಾವೇ ವೈದ್ಯರನ್ನು ಒತ್ತಾಯಿಸುತ್ತೇವೆ. ಅಂಥ ಸ್ಥಿತಿಯಲ್ಲಿ ಮೂರನೆಯ ಒಂದು ಪಾಲು ಮಕ್ಕಳಿಗೆ ಅದನ್ನು ಕೊಡದೆ ನೋಡೋಣ ಎಂದು ಹೊರಟದ್ದು ಬಡವರ ಮಕ್ಕಳ ಮೇಲೆ ಮಾತ್ರ ಸಾಧ್ಯವಿರುವ ಧೈರ್ಯವಲ್ಲವೇ? ಫಲಿತಾಂಶ ತಿರುಗುಮುರುಗಾಗಿ ಬಂದಿತು ಎಂಬುದು ಆಮೇಲಿನ ಮಾತು. ಆರಂಭಿಸಿದ ದಿನ ಅದು ಯಾರಿಗೂ ತಿಳಿದಿರಲಿಲ್ಲ. ಲಂಡನ್ನಿನಲ್ಲಿ ಇದೇ ಅಧ್ಯಯನಕ್ಕೆ ಅನುಮತಿ ಸಿಗುತ್ತಿತ್ತೇ?

ಸಂಖ್ಯಾಶಾಸ್ತ್ರದ ಮೇಷ್ಟ್ರು

ಓದುಗರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರಿಸಬೇಕಾದರೆ ‘ಬೋಲಸ್ ಕೊಡಲೇಬೇಕು’ ಎಂಬ ನಿಯಮ ಎಲ್ಲಿಂದ ಬಂತು ಎಂದು ನೋಡಬೇಕಾಗುತ್ತದೆ.

ಬಹಳ ಕಡೆ ಉಲ್ಲೇಖವಾಗುವ ಆಧಾರ 1991ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ವರದಿ. ಅದರಲ್ಲಿದ್ದದ್ದು ಸೋಂಕಿನಿಂದ ಆಘಾತಕ್ಕೆ (ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಒಳಗಾಗಿ ಐಸಿಯು ಸೇರಿದ 34 ಮಕ್ಕಳು. ಮೊದಲ ಗಂಟೆಯಲ್ಲಿ ಕೆಜಿಗೆ 40 ಎಂಎಲ್‌ಗಿಂತ ಹೆಚ್ಚು ದ್ರವ ಪಡೆದ ಒಂಬತ್ತು ಮಕ್ಕಳಲ್ಲಿ ಎಂಟು ಮಂದಿ ಬದುಕಿದರು, ಕಡಿಮೆ ಪಡೆದವರಲ್ಲಿ ಹೆಚ್ಚು ಮಂದಿ ಸತ್ತರು. ಇಲ್ಲಿ ಚೀಟಿ ಎತ್ತಿರಲಿಲ್ಲ. ಯಾವ ಮಗುವಿಗೆ ಎಷ್ಟು ಕೊಡಬೇಕೆಂದು ವೈದ್ಯರು ಆಯಾ ಕ್ಷಣದಲ್ಲಿ ನಿರ್ಧರಿಸಿದ್ದರು. ಇಷ್ಟು ಸಣ್ಣ ಲೆಕ್ಕದ ಪಕ್ಕದಲ್ಲಿ ಫೀಸ್ಟ್‌ನ 3,141 ಮಕ್ಕಳನ್ನು ಇಟ್ಟು ನೋಡಿದರೆ ಯಾವುದಕ್ಕೆ ತೂಕ ಹೆಚ್ಚು ಎಂಬುದನ್ನು ನನ್ನ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುತ್ತಾನೆ. ಆದರೂ 34 ಮಕ್ಕಳ ವರದಿ ಇಪ್ಪತ್ತು ವರ್ಷ ರಾಜ್ಯವಾಳಿತು.

ಇನ್ನು, ಸಂಶೋಧಕರು ಬೋಲಸ್ ವಿರೋಧಿಗಳಾಗಿ ಈ ಕೆಲಸಕ್ಕೆ ಇಳಿದವರಲ್ಲ. ಕಿಲಿಫಿಯಲ್ಲಿ ತೀವ್ರ ಮಲೇರಿಯಾದ ಮಕ್ಕಳ ಮೇಲೆ ಅವರೇ ನಡೆಸಿ 2005ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಆಲ್ಬುಮಿನ್ ಪಡೆದವರಲ್ಲಿ ಶೇ. 3.6, ಸಲೈನ್ ಪಡೆದವರಲ್ಲಿ ಶೇ. 18 ಸಾವು ಕಂಡಿತ್ತು. ಬೋಲಸ್ ಜೀವ ಉಳಿಸುತ್ತದೆ, ಅದರಲ್ಲೂ ಆಲ್ಬುಮಿನ್ ಇನ್ನಷ್ಟು ಉಳಿಸುತ್ತದೆ ಎಂಬ ನಿರೀಕ್ಷೆಯಿಂದಲೇ ಅವರು ಹೊರಟಿದ್ದರು. ಅತ್ತ ಪೂರ್ವ ಆಫ್ರಿಕಾದ ಬಹುತೇಕ ಆಸ್ಪತ್ರೆಗಳಲ್ಲಿ ತೀರಾ ಮುಂದುವರಿದ ಆಘಾತದ ಮಕ್ಕಳನ್ನು ಬಿಟ್ಟರೆ ಉಳಿದವರಿಗೆ ಬೋಲಸ್ ಕೊಡುವ ರೂಢಿ ಇರಲಿಲ್ಲ. ಹಾಗಾಗಿ ಮೂರನೆಯ ಗುಂಪಿಗೆ ಸಿಕ್ಕಿದ್ದು ಆ ಊರಿನಲ್ಲಿ ಅದುವರೆಗೆ ನಡೆದುಬಂದಿದ್ದ ಚಿಕಿತ್ಸೆಯೇ, ಅದಕ್ಕಿಂತ ಕಡಿಮೆಯದಲ್ಲ. ರಕ್ತದೊತ್ತಡ ತೀರಾ ಕುಸಿದಿದ್ದ 29 ಮಕ್ಕಳನ್ನು ಈ ಮೂರು ಗುಂಪುಗಳ ಹೊರಗಿಟ್ಟು ಎಲ್ಲರಿಗೂ ಬೋಲಸ್ ಕೊಡಲಾಯಿತು; ಅದು ಆಲ್ಬುಮಿನ್ನೋ ಸಲೈನೋ ಎಂಬುದನ್ನಷ್ಟೇ ಚೀಟಿ ನಿರ್ಧರಿಸಿತು.

ನನ್ನನ್ನು ಹೆಚ್ಚು ಕಾಡಿದ ಅಂಕಿ ಸಾವಿನದಲ್ಲ. ಬೋಲಸ್ ಪಡೆದವರಲ್ಲಿ ಶೇ. 43 ಮಕ್ಕಳಲ್ಲಿ ಒಂದು ಗಂಟೆಯೊಳಗೆ ರಕ್ತಸಂಚಾರದ ಲಕ್ಷಣಗಳು ಸರಿಹೋದವು. ಪಡೆಯದವರಲ್ಲಿ ಹಾಗಾದದ್ದು ಶೇ. 32 ಮಾತ್ರ. ಮಂಚದ ಪಕ್ಕ ನಿಂತ ವೈದ್ಯರಿಗೆ ಕಾಣಿಸುವುದು ಈ ಸುಧಾರಣೆ. ನಾಡಿ ಬಲವಾಯಿತು, ಕೈ ಬೆಚ್ಚಗಾಯಿತು, ಚಿಕಿತ್ಸೆ ಫಲಿಸಿತು ಎಂದು ಅವರು ಮುಂದಿನ ಮಗುವಿನ ಕಡೆ ಹೋಗುತ್ತಾರೆ. ಹೆಚ್ಚುವರಿ ಸಾವುಗಳು ಸಂಭವಿಸಿದ್ದು ಆಮೇಲಿನ ಗಂಟೆಗಳಲ್ಲಿ, ಬಹುಶಃ ಪಾಳಿ ಬದಲಾದ ಮೇಲೆ. ನೂರರಲ್ಲಿ ಏಳಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸವನ್ನು ಎಷ್ಟೇ ಅನುಭವಿ ವೈದ್ಯರಾದರೂ ಕಣ್ಣಂದಾಜಿನಲ್ಲಿ ಹಿಡಿಯಲಾರರು, ಅದರಲ್ಲೂ ಮೊದಲ ಗಂಟೆ ತದ್ವಿರುದ್ಧ ಸಾಕ್ಷ್ಯ ಹೇಳುತ್ತಿರುವಾಗ. ಇಂಥದ್ದನ್ನು ಹಿಡಿಯಲು ಚೀಟಿ ಎತ್ತಿ ಸಾವಿರಗಟ್ಟಲೆ ಎಣಿಸುವುದನ್ನು ಬಿಟ್ಟರೆ ಬೇರೆ ದಾರಿ ನನಗಂತೂ ತಿಳಿದಿಲ್ಲ.

ಇನ್ನೊಂದು ವಿಷಯ. 3,600 ಮಕ್ಕಳನ್ನು ಸೇರಿಸುವ ಯೋಜನೆಯಿತ್ತು. ನಡುನಡುವೆ ಅಂಕಿಗಳನ್ನು ನೋಡುತ್ತಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ 2011ರ ಜನವರಿಯಲ್ಲಿ ದಾಖಲಾತಿಯನ್ನು ನಿಲ್ಲಿಸಿದರು. ಹೀಗೆ ನಿಲ್ಲಿಸುವ ಅಧಿಕಾರ ಸಂಶೋಧಕರ ಕೈಯಲ್ಲಿಲ್ಲದೆ ಹೊರಗಿನವರ ಕೈಯಲ್ಲಿ ಇರುವುದು ಬಹಳ ಮುಖ್ಯ.

ಹಳೇ ಸಿಸ್ಟರ್

ನಾನು ಮಕ್ಕಳ ವಾರ್ಡಿನಲ್ಲೇ ಸೇವೆ ಮುಗಿಸಿ ನಿವೃತ್ತಳಾದವಳು. ಮೇಷ್ಟ್ರು ಅಂಕಿ ಹೇಳಿದರು, ನಾನು ಮಂಚದ ಪಕ್ಕದ ಲೆಕ್ಕ ಹೇಳುತ್ತೇನೆ, ಏಕೆಂದರೆ ‘ಬೋಲಸ್’, ‘ಡ್ರಿಪ್’ ಎಂದರೆ ಎಷ್ಟು ಎಂಬುದು ಓದುಗರಿಗೆ ಕಣ್ಣಿಗೆ ಕಟ್ಟಬೇಕು.

ಹತ್ತು ಕೆಜಿ ತೂಕದ ಮಗು ಎಂದಿಟ್ಟುಕೊಳ್ಳಿ. ಕೆಜಿಗೆ 20 ಎಂಎಲ್ ಎಂದರೆ 200 ಎಂಎಲ್, ಅಂದರೆ ಅರ್ಧ ಲೀಟರಿನ ಬಾಟಲಿಯಲ್ಲಿ ಅರ್ಧಕ್ಕಿಂತ ಕಡಿಮೆ. ಇದನ್ನು ಫೀಸ್ಟ್‌ನಲ್ಲಿ ಒಂದು ಗಂಟೆಯಲ್ಲಿ ಏರಿಸಿದರು. 2010ರಲ್ಲಿ ಆ ಪ್ರಮಾಣವನ್ನು ಕೆಜಿಗೆ 40 ಎಂಎಲ್‌ಗೆ ಹೆಚ್ಚಿಸಿದರು. ಬೋಲಸ್ ಇಲ್ಲದ ಗುಂಪಿನ ಮಗುವಿಗೂ ದ್ರವ ಹೋಗುತ್ತಲೇ ಇತ್ತು, ಕೆಜಿಗೆ ಗಂಟೆಗೆ 2.5ರಿಂದ 4 ಎಂಎಲ್. ಮಕ್ಕಳ ಮೈಕ್ರೋಡ್ರಿಪ್ ಸೆಟ್‌ನಲ್ಲಿ 60 ಹನಿಗೆ ಒಂದು ಎಂಎಲ್ ಆಗುವುದರಿಂದ ಗಂಟೆಗೆ ಎಷ್ಟು ಎಂಎಲ್ ಬೇಕೋ ನಿಮಿಷಕ್ಕೆ ಅಷ್ಟೇ ಹನಿ ಬಿಟ್ಟರಾಯಿತು, ನಾವು ಹೊಸ ಹುಡುಗಿಯರಿಗೆ ಮೊದಲು ಕಲಿಸುವ ಲೆಕ್ಕವೇ ಇದು. ಹಾಗೆ ಹತ್ತು ಕೆಜಿ ಮಗುವಿಗೆ ನಿಮಿಷಕ್ಕೆ 25ರಿಂದ 40 ಹನಿ. ಆದ್ದರಿಂದ ‘ಏನೂ ಕೊಡದೆ ನೋಡುತ್ತಾ ಕುಳಿತರು’ ಎಂಬ ಭಾವನೆ ಬೇಡ. ಮೂರೂ ಗುಂಪಿನ ಮಕ್ಕಳಿಗೆ ಆ್ಯಂಟಿಬಯೋಟಿಕ್, ಮಲೇರಿಯಾ ಔಷಧ, ಸಕ್ಕರೆ ಅಂಶ ಕಡಿಮೆಯಿದ್ದರೆ ಗ್ಲೂಕೋಸ್, ಅಗತ್ಯವಿದ್ದವರಿಗೆ ಆಮ್ಲಜನಕ ಮತ್ತು ರಕ್ತ ಸಿಕ್ಕವು.

ನಾಡಿ, ಕೈಕಾಲಿನ ತಂಪು, ಉಗುರು ಒತ್ತಿ ನೋಡುವುದು, ಇವು ಯಂತ್ರವಿಲ್ಲದೆ ಮಾಡುವ ಪರೀಕ್ಷೆಗಳು. ಹೆಬ್ಬೆರಳಿನ ಉಗುರನ್ನು ಬಿಳಿಚಿಕೊಳ್ಳುವವರೆಗೆ ಒತ್ತಿ ಬಿಡಬೇಕು, ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಎಚ್ಚರಿಕೆ. ಹೇಳುವಷ್ಟು ಸುಲಭವಲ್ಲ ಇದು. ಚಳಿಗಾಲದ ಬೆಳಗಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ, ಆರೋಗ್ಯವಂತ ಮಗುವಿನ ಉಗುರೂ ತಡ ಮಾಡುತ್ತದೆ. ಇಬ್ಬರು ಸಿಸ್ಟರುಗಳು ಒತ್ತಿದರೆ ಎರಡು ಉತ್ತರ ಬರುತ್ತದೆ. ಅದಕ್ಕೇ ಆ ಆಸ್ಪತ್ರೆಗಳ ಸಿಬ್ಬಂದಿಗೆ ಮೊದಲು ತುರ್ತು ರೋಗಿಗಳನ್ನು ಗುರುತಿಸುವ, ಸಾಲಿನಿಂದ ಮುಂದಕ್ಕೆ ತರುವ, ಪದೇ ಪದೇ ನೋಡುವ ತರಬೇತಿ ಕೊಟ್ಟರು. ಬೋಲಸ್ ಇಲ್ಲದ ಗುಂಪಿನಲ್ಲಿ ಸಾವು ಅವರು ಮೊದಲು ಅಂದಾಜು ಮಾಡಿದ್ದಕ್ಕಿಂತ ಕಡಿಮೆಯಾಗಿ 7.3ಕ್ಕೆ ನಿಂತದ್ದರಲ್ಲಿ ಈ ತರಬೇತಿಯ ಪಾಲೂ ಇದೆ ಎಂದು ನಾನು ನಂಬುತ್ತೇನೆ. ವೈದ್ಯರು ಈ ಅಧ್ಯಯನದಿಂದ ಸಲೈನಿನ ಪಾಠ ಕಲಿಯಲಿ, ಆಡಳಿತದವರು ನರ್ಸುಗಳ ಪಾಠ ಕಲಿಯಲಿ.

ವಕೀಲರು (ಸಂಶೋಧನೆಗಳ ನೈತಿಕತೆಯನ್ನು ಪರಿಶೀಲಿಸುವ ಒಂದು ನೀತಿ ಸಮಿತಿಯ ಹೊರಗಿನ ಸದಸ್ಯ)

ಇಷ್ಟರವರೆಗೆ ಒಪ್ಪಿಗೆಯ ವಿಷಯವನ್ನು ಯಾರೂ ಎತ್ತಿಲ್ಲ. ನನ್ನ ದೃಷ್ಟಿಯಲ್ಲಿ ಈ ಅಧ್ಯಯನದ ಅತಿ ಕಠಿಣ ಪ್ರಶ್ನೆ ಅದೇ.

ಮಗು ಸಾವಿನ ಅಂಚಿನಲ್ಲಿರುವಾಗ ತಾಯಿಯನ್ನು ಕೂರಿಸಿಕೊಂಡು ಹಲವು ಪುಟಗಳ ಪತ್ರವನ್ನು ಓದಿ ಹೇಳಿ ಸಹಿ ಪಡೆಯುವುದು ಕ್ರೌರ್ಯವೂ ಹೌದು, ಅಪಾಯವೂ ಹೌದು. ಫೀಸ್ಟ್‌ನಲ್ಲಿ ಸಾಧ್ಯವಿದ್ದ ಕಡೆ ಮೊದಲೇ ಪೂರ್ಣ ಒಪ್ಪಿಗೆ ಪಡೆದರು. ಸಾಧ್ಯವಿಲ್ಲದಾಗ ಸಂಕ್ಷಿಪ್ತವಾಗಿ ವಿಷಯ ತಿಳಿಸಿ ಬಾಯಿಮಾತಿನ ಸಮ್ಮತಿ ಪಡೆದು ಚಿಕಿತ್ಸೆ ಆರಂಭಿಸಿದರು, ಮಗು ಸ್ಥಿರವಾದ ಮೇಲೆ ಪೂರ್ಣ ವಿವರಣೆ ಕೊಟ್ಟು ಲಿಖಿತ ಒಪ್ಪಿಗೆ ಕೇಳಿದರು. ಅಷ್ಟರೊಳಗೆ ಮಗು ತೀರಿಕೊಂಡಿದ್ದರೆ ಆ ಕುಟುಂಬದಿಂದ ಲಿಖಿತ ಒಪ್ಪಿಗೆ ಕೇಳಬೇಕಿಲ್ಲ ಎಂದು ನೀತಿ ಸಮಿತಿಗಳು ವಿನಾಯಿತಿ ನೀಡಿದ್ದವು.

ಈ ವಿನಾಯಿತಿಗೆ ಎರಡು ಮುಖಗಳಿವೆ. ಆಗಷ್ಟೇ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕಾಗದ ಹಿಡಿಯುವುದನ್ನು ಯಾವ ಸಮಿತಿಯೂ ಬಯಸದು. ಆದರೆ ಆ ಮಕ್ಕಳ ಅಂಕಿಗಳನ್ನು ಬಿಟ್ಟರೆ ಸಾವನ್ನು ಅಳೆಯುವ ಅಧ್ಯಯನ ಸಾವುಗಳನ್ನೇ ಕಳೆದುಕೊಳ್ಳುತ್ತದೆ, ಹೀಗಾಗಿ ಅವನ್ನು ಸೇರಿಸಲೇಬೇಕು. ಪರಿಣಾಮವೇನೆಂದರೆ, ಅಧ್ಯಯನಕ್ಕೆ ಎಲ್ಲಕ್ಕಿಂತ ಹೆಚ್ಚು ಕೊಟ್ಟ ಕುಟುಂಬಗಳಲ್ಲಿ ಕೆಲವಕ್ಕೆ ತಾವು ಅದರ ಭಾಗವಾಗಿದ್ದೆವು ಎಂಬುದು ಪೂರ್ತಿಯಾಗಿ ತಿಳಿದಿರಲಾರದು. ನಾನು ಸಮಿತಿಯಲ್ಲಿದ್ದರೆ ಅನುಮತಿ ಕೊಡುತ್ತಿದ್ದೆ, ಆದರೆ ನೆಮ್ಮದಿಯಿಂದ ಕೊಡುತ್ತಿರಲಿಲ್ಲ.

ಬಯಲುಸೀಮೆಯವರು ಲಂಡನ್ನಿನ ಪ್ರಶ್ನೆ ಕೇಳಿದ್ದರು. ಮಕೆರೆರೆ ಸೇರಿದಂತೆ ಆಯಾ ದೇಶದ ಸಮಿತಿಗಳ ಜೊತೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಮಿತಿಯೂ ಈ ಅಧ್ಯಯನಕ್ಕೆ ಒಪ್ಪಿತ್ತು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಸ್ವಲ್ಪ ಕಹಿಯಾದದ್ದು. ಲಂಡನ್ನಿನ ಆಸ್ಪತ್ರೆಯಲ್ಲಿ ಬೋಲಸ್ ಬಿಡುವ ಗುಂಪಿಗೆ ಅನುಮತಿ ಸಿಗುವುದು ಬಹಳ ಕಷ್ಟವಾಗುತ್ತಿತ್ತು, ಏಕೆಂದರೆ ಅಲ್ಲಿ ಅದು ರೂಢಿಯಾಗಿಬಿಟ್ಟಿತ್ತು. ರೂಢಿಗೆ ಆಧಾರ ಇದೆಯೇ ಎಂದು ಕೇಳುವ ಅವಕಾಶ ರೂಢಿ ಇನ್ನೂ ತಲುಪದ ಊರಿನಲ್ಲಿ ಮಾತ್ರ ಉಳಿದಿತ್ತು. ಇದು ಬಡವರ ಮೇಲಿನ ಪ್ರಯೋಗವೆಂದು ಕರೆಯುವವರು, ಪರೀಕ್ಷಿಸದ ಚಿಕಿತ್ಸೆಯನ್ನು ಮಾರ್ಗಸೂಚಿಯ ಹೆಸರಿನಲ್ಲಿ ಲಕ್ಷಾಂತರ ಮಕ್ಕಳಿಗೆ ಕೊಡುವುದನ್ನು ಏನೆಂದು ಕರೆಯುತ್ತಾರೆ? ಅದಕ್ಕೆ ನೀತಿ ಸಮಿತಿಯೂ ಇಲ್ಲ, ಒಪ್ಪಿಗೆ ಪತ್ರವೂ ಇಲ್ಲ, ನಡುವೆ ನಿಲ್ಲಿಸಿ ಎನ್ನುವವರೂ ಇಲ್ಲ.

ಪಿಜಿ ವಿದ್ಯಾರ್ಥಿ

ಮೇಡಂ, ನಮ್ಮ ವಿಭಾಗದ ಜರ್ನಲ್ ಕ್ಲಬ್‌ನಲ್ಲಿ ಈ ಪತ್ರಿಕೆ ಬಂದಾಗ ಎದ್ದ ಆಕ್ಷೇಪಗಳನ್ನು ಇಲ್ಲಿ ಇಡುತ್ತೇನೆ. ಮೊದಲನೆಯದು, ಇವರು ಸೇರಿಸಿಕೊಂಡ ಮಕ್ಕಳೆಲ್ಲ ನಿಜವಾಗಿ ಶಾಕ್‌ನಲ್ಲಿದ್ದರೇ? ತಡವಾದ ಕ್ಯಾಪಿಲರಿ ರೀಫಿಲ್ (ಸಿಸ್ಟರ್ ಹೇಳಿದ ಉಗುರಿನ ಪರೀಕ್ಷೆ), ತಣ್ಣಗಿನ ಕಾಲು, ದುರ್ಬಲ ನಾಡಿ, ವಿಪರೀತ ಹೃದಯಬಡಿತ, ಇವುಗಳಲ್ಲಿ ಒಂದಿದ್ದರೂ ಸೇರಿಸಿದ್ದಾರೆ. ಎರಡನೆಯದು, ಶೇ. 57 ಮಕ್ಕಳಿಗೆ ಮಲೇರಿಯಾ ಇತ್ತು, ಶೇ. 32 ಮಕ್ಕಳ ಹಿಮೋಗ್ಲೋಬಿನ್ (ಡೆಸಿಲೀಟರಿಗೆ ಗ್ರಾಂ ಲೆಕ್ಕದಲ್ಲಿ) 5ಕ್ಕಿಂತ ಕಡಿಮೆ ಇತ್ತು. ಮೊದಲೇ ರಕ್ತ ಕಡಿಮೆ ಇರುವ ಮಗುವಿಗೆ ನೀರು ಬೆರೆಸಿದರೆ ತೊಂದರೆಯಾಗುವುದು ಸಹಜ. ಹೀಗಿರುವಾಗ ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಡೆಂಗಿ ಶಾಕ್‌ನಿಂದ ಬರುವ ಮಗುವಿಗೆ ಇದನ್ನು ಅನ್ವಯಿಸುವುದು ಹೇಗೆ?

ತುಂಗಭದ್ರೆ

ಒಳ್ಳೆಯ ಆಕ್ಷೇಪಗಳು. ಕೊನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಮಾತು ಪೂರ್ಣವಾಗಿ ಸರಿ. ಡೆಂಗಿಯಲ್ಲಿ ರಕ್ತನಾಳದಿಂದ ಪ್ಲಾಸ್ಮಾ ಹೊರಕ್ಕೆ ಸೋರಿ ನಿಜವಾಗಿಯೇ ದ್ರವದ ಕೊರತೆ ಉಂಟಾಗುತ್ತದೆ, ಅದರ ಲೆಕ್ಕಾಚಾರವೇ ಬೇರೆ. ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡುತ್ತಾ ಕೊಡಬೇಕು, ಸೋರಿಕೆ ನಿಂತ ಮೇಲೆ ನಿಲ್ಲಿಸಲೂಬೇಕು. ವಾಂತಿಭೇದಿಯ ಮಕ್ಕಳನ್ನೂ ತೀವ್ರ ಅಪೌಷ್ಟಿಕತೆಯ ಮಕ್ಕಳನ್ನೂ ಸುಟ್ಟಗಾಯ, ಅಪಘಾತದವರನ್ನೂ ಫೀಸ್ಟ್ ಸೇರಿಸಿಕೊಂಡಿರಲಿಲ್ಲ. ಭೇದಿಯಿಂದ ಒಣಗಿ ಬಂದ ಮಗುವಿಗೆ ಸಲೈನ್ ಬೇಡವೆಂದು ಈ ಚರ್ಚೆಯನ್ನು ಓದಿ ಯಾರೂ ತೀರ್ಮಾನಿಸಬಾರದು. ಪೋಷಕರು ಓದುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲ ಆಕ್ಷೇಪದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕಟ್ಟುನಿಟ್ಟಿನ ವ್ಯಾಖ್ಯೆಯಂತೆ ಎಲ್ಲ ಲಕ್ಷಣಗಳೂ ಇದ್ದ 65 ಮಕ್ಕಳನ್ನು ಆಮೇಲೆ ಪ್ರತ್ಯೇಕವಾಗಿ ನೋಡಿದರು. ಬೋಲಸ್ ಪಡೆದ 50 ಮಕ್ಕಳಲ್ಲಿ 24, ಪಡೆಯದ 15 ಮಕ್ಕಳಲ್ಲಿ 3 ಸಾವು. ಸಂಖ್ಯೆ ಸಣ್ಣದು, ಮೇಷ್ಟ್ರು ಈಗಾಗಲೇ 34 ಮಕ್ಕಳ ವರದಿಯನ್ನು ಗೇಲಿ ಮಾಡಿರುವುದರಿಂದ ನಾನೂ ಇದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಆದರೆ ‘ನಿಜವಾದ ಶಾಕ್‌ನಲ್ಲಿ ಬೋಲಸ್ ಉಪಕಾರಿ, ಇತರರಲ್ಲಿ ಮಾತ್ರ ಅಪಾಯ’ ಎಂಬ ಸಮಾಧಾನಕ್ಕೆ ಈ ಅಂಕಿ ಎಡೆ ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು. ಮಲೇರಿಯಾ ಇದ್ದವರಲ್ಲೂ ಇಲ್ಲದವರಲ್ಲೂ, ರಕ್ತಹೀನತೆ ಇದ್ದವರಲ್ಲೂ ಇಲ್ಲದವರಲ್ಲೂ ಅಪಾಯ ಒಂದೇ ದಿಕ್ಕಿನಲ್ಲಿತ್ತು.

ಮಕ್ಕಳು ಏಕೆ ಸತ್ತರು ಎಂಬುದೂ ನಾವೆಲ್ಲ ಊಹಿಸಿದಂತೆ ಇರಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತಿರಬೇಕು, ವೆಂಟಿಲೇಟರ್ ಇದ್ದಿದ್ದರೆ ಉಳಿಯುತ್ತಿದ್ದರು ಎಂದು ಐಸಿಯು ವೈದ್ಯರು ಮೊದಲು ಹೇಳಿದರು. 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಹೆಚ್ಚುವರಿ ಸಾವುಗಳ ಮುಖ್ಯ ಕಾರಣವಾಗಿ ಕಂಡದ್ದು ಹೃದಯ ಮತ್ತು ರಕ್ತಸಂಚಾರದ ಕುಸಿತ. ನಂತರದ ವಿಶ್ಲೇಷಣೆಗಳು ಸಲೈನಿನ ಕ್ಲೋರೈಡಿನಿಂದ ರಕ್ತದ ಆಮ್ಲತೆ ಹೆಚ್ಚುವುದನ್ನೂ ಹಿಮೋಗ್ಲೋಬಿನ್ ತೆಳುವಾಗುವುದನ್ನೂ ಬೊಟ್ಟು ಮಾಡಿವೆ.

ಮಾರ್ಗಸೂಚಿಗಳು ಬದಲಾಗಲು ತೆಗೆದುಕೊಂಡ ಕಾಲ ಮಾತ್ರ ಬೇಸರ ತರಿಸುತ್ತದೆ. ಫಲಿತಾಂಶ ಪ್ರಕಟವಾದದ್ದು 2011ರ ಮೇ ತಿಂಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಕೈಪಿಡಿ ಹಳೆಯ ಸಲಹೆಯನ್ನೇ ಬಹುಮಟ್ಟಿಗೆ ಉಳಿಸಿಕೊಂಡಿತು. ಒಂದೆರಡು ಲಕ್ಷಣಗಳು ಮಾತ್ರ ಇರುವ ಮಕ್ಕಳಿಗೆ ವೇಗವಾಗಿ ದ್ರವ ಏರಿಸಬಾರದು, ಪೂರ್ಣ ಶಾಕ್ ಇದ್ದರೆ ಕೆಜಿಗೆ 10ರಿಂದ 20 ಎಂಎಲ್ ಅನ್ನು 30ರಿಂದ 60 ನಿಮಿಷಗಳಲ್ಲಿ ಕೊಡಬೇಕು ಎಂದು ಬಂದದ್ದು 2016ರಲ್ಲಿ. ಸೆಪ್ಸಿಸ್ (ಸೋಂಕಿನಿಂದ ಅಂಗಗಳೇ ಕುಸಿಯುವ ಸ್ಥಿತಿ) ಕುರಿತ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಐಸಿಯು ಸೌಲಭ್ಯ ಇರುವ ಮತ್ತು ಇಲ್ಲದ ಆಸ್ಪತ್ರೆಗಳಿಗೆ ಬೇರೆ ಬೇರೆ ಸಲಹೆ ಕೊಟ್ಟಿತು; ಐಸಿಯು ಇಲ್ಲದ ಕಡೆ ರಕ್ತದೊತ್ತಡ ಕುಸಿಯದ ಮಗುವಿಗೆ ಬೋಲಸ್ ಬೇಡ ಎಂದು ಸ್ಪಷ್ಟವಾಗಿ ಬರೆಯಿತು. ನನ್ನಂಥ ತಾಲ್ಲೂಕು ಆಸ್ಪತ್ರೆಯವರಿಗೆ ನೇರವಾಗಿ ಅನ್ವಯಿಸುವ ಸಾಲು ಅದು. ರೆಫರ್ ಮಾಡಿದ ಮಗು ಜಿಲ್ಲಾ ಕೇಂದ್ರ ತಲುಪುವವರೆಗೆ ಆಂಬುಲೆನ್ಸಿನಲ್ಲಿ ಬಾಟಲಿಯ ಚಕ್ರವನ್ನು ಪೂರ್ತಿ ತೆರೆದಿಟ್ಟು ಕಳಿಸುವ ಅಭ್ಯಾಸ ಇನ್ನೂ ಹಲವೆಡೆ ಇದೆ, ಅದು ನಿಲ್ಲಬೇಕು.

ನಮ್ಮ ದೇಶದಲ್ಲೂ ಈ ದಿಕ್ಕಿನಲ್ಲಿ ಕೆಲಸವಾಗಿದೆ. ದೆಹಲಿಯ ಏಮ್ಸ್‌ನಲ್ಲಿ ಒಂದೇ ಪ್ರಮಾಣದ ಬೋಲಸನ್ನು 5ರಿಂದ 10 ನಿಮಿಷಗಳಲ್ಲಿ ಕೊಟ್ಟು, 15ರಿಂದ 20 ನಿಮಿಷಗಳಲ್ಲಿ ಕೊಟ್ಟು ಹೋಲಿಸಿ 2017ರಲ್ಲಿ ಪ್ರಕಟಿಸಿದರು. ನಿಧಾನವಾಗಿ ಪಡೆದ ಮಕ್ಕಳಲ್ಲಿ ಉಸಿರಾಟದ ನಳಿಗೆ ಹಾಕಬೇಕಾಗಿ ಬಂದವರು ಕಡಿಮೆ. ಅದು ಐಸಿಯು ಇರುವ ಆಸ್ಪತ್ರೆ ಎಂಬುದನ್ನು ನೆನಪಿಡಿ. ಬೋಲಸ್ ಬೇಕೇ ಬೇಡವೇ ಎಂಬ ಮೂಲ ಪ್ರಶ್ನೆಯನ್ನು ನಮ್ಮ ತಾಲ್ಲೂಕು ಮಟ್ಟದಲ್ಲಿ ಕೇಳಿದ ಅಧ್ಯಯನ ಇದಲ್ಲ.

ಬಯಲುಸೀಮೆಯ ಓದುಗ

ವಕೀಲರ ಉತ್ತರವನ್ನು ಎರಡು ಸಲ ಓದಿದೆ. ಪೂರ್ತಿ ಒಪ್ಪಲು ಇನ್ನೂ ಮನಸ್ಸು ಬರುತ್ತಿಲ್ಲ. ಮಗು ಕಳೆದುಕೊಂಡವರಿಗೆ ನಂತರವಾದರೂ ಹೇಳುವ ಏರ್ಪಾಡು ಇರಬೇಕಿತ್ತು ಎಂಬುದು ನನ್ನ ಅನಿಸಿಕೆ. ಇರಲಿ, ಒಂದು ಪ್ರಶ್ನೆ: ರಕ್ತ ಅಷ್ಟು ಕಡಿಮೆಯಿದ್ದ ಮಕ್ಕಳಿಗೆ ಸಲೈನ್ ಬದಲು ರಕ್ತವನ್ನೇ ಹೆಚ್ಚು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರಾದರೂ ನೋಡಿದ್ದಾರೆಯೇ?

ಸಂಖ್ಯಾಶಾಸ್ತ್ರದ ಮೇಷ್ಟ್ರು

ನೋಡಿದ್ದಾರೆ, ಬಹುಮಟ್ಟಿಗೆ ಅದೇ ತಂಡದವರು. ಉಗಾಂಡಾದ ಮೂರು ಆಸ್ಪತ್ರೆಗಳು ಮತ್ತು ಮಲಾವಿಯ ಒಂದು ಆಸ್ಪತ್ರೆಯಲ್ಲಿ ನಡೆದ ಟ್ರ್ಯಾಕ್ಟ್ ಅಧ್ಯಯನ 2019ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಕೆಜಿಗೆ 20 ಎಂಎಲ್ ರಕ್ತ ಸಾಕೇ, 30 ಬೇಕೇ ಎಂಬುದು ಅದರ ಒಂದು ಪ್ರಶ್ನೆ. 3,196 ಮಕ್ಕಳನ್ನು ಒಟ್ಟಾಗಿ ನೋಡಿದರೆ ಎರಡರ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಜ್ವರದ ಆಧಾರದ ಮೇಲೆ ಬೇರ್ಪಡಿಸಿದಾಗ ಮಾತ್ರ ಚಿತ್ರ ಎರಡಾಗಿ ಒಡೆಯಿತು: ಜ್ವರವಿಲ್ಲದ ಮಕ್ಕಳಿಗೆ 30 ಎಂಎಲ್ ಉಪಕಾರಿಯಾಯಿತು, ಜ್ವರವಿದ್ದ ಮಕ್ಕಳಲ್ಲಿ ಅದೇ 30 ಎಂಎಲ್‌ನಿಂದ ಸಾವು ಹೆಚ್ಚಿತು. ಥರ್ಮಾಮೀಟರ್ ಒಂದರಿಂದಲೇ ನಿರ್ಧರಿಸಬಹುದಾದ ಸಂಗತಿ ಇದು, ಬೇರೆ ಯಂತ್ರ ಬೇಡ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಹಿಮೋಗ್ಲೋಬಿನ್ 4ರಿಂದ 6ರ ನಡುವೆ ಇದ್ದು, ಉಸಿರಾಟ ಮತ್ತು ಪ್ರಜ್ಞೆ ಚೆನ್ನಾಗಿದ್ದ 1,565 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಕೂಡಲೇ ರಕ್ತ ಕೊಟ್ಟರು, ಉಳಿದವರನ್ನು ನಿಗಾದಲ್ಲಿಟ್ಟು ಸ್ಥಿತಿ ಕೆಟ್ಟರೆ ಮಾತ್ರ ಕೊಟ್ಟರು. 28 ದಿನಗಳ ಸಾವಿನಲ್ಲಿ ಗುರುತಿಸಬಹುದಾದ ವ್ಯತ್ಯಾಸ ಬರಲಿಲ್ಲ, ಕಾದು ನೋಡಿದ ಗುಂಪಿನ ಸುಮಾರು ಅರ್ಧ ಮಕ್ಕಳಿಗೆ ರಕ್ತವೇ ಬೇಕಾಗಲಿಲ್ಲ. ಆದರೆ ಕಾದು ನೋಡಲು ಪದೇ ಪದೇ ಹಿಮೋಗ್ಲೋಬಿನ್ ಪರೀಕ್ಷೆಯಾಗಬೇಕು, ಸಿಸ್ಟರ್ ಹೇಳಿದ ಹಾಗೆ ಪ್ರತಿ ಪಾಳಿಯಲ್ಲೂ ಯಾರಾದರೂ ಬಂದು ಮಗುವನ್ನು ಮುಟ್ಟಿ ನೋಡಬೇಕು, ರಕ್ತನಿಧಿಯಲ್ಲಿ ಹೊಂದುವ ಬಾಟಲಿ ಸಿದ್ಧವಿರಬೇಕು. ಈ ಮೂರರಲ್ಲಿ ಒಂದು ಇಲ್ಲದ ಆಸ್ಪತ್ರೆಯಲ್ಲಿ ಇದನ್ನು ಅನುಸರಿಸಬಹುದೇ ಎಂಬುದಕ್ಕೆ ನನ್ನ ಅಂಕಿಗಳಲ್ಲಿ ಉತ್ತರವಿಲ್ಲ. ತುಂಗಭದ್ರೆಯವರಂಥ ವೈದ್ಯರೂ ವಾರ್ಡಿನ ಸಿಸ್ಟರುಗಳೂ ಹೇಳಬೇಕು.